ಅಕಪುಲ್ಕೊ: ಗುಂಡಿನ ಸದ್ದು ಬೀಚಿಗೆ ಕೇಳಿಸಿದಾಗ

2013ರ ಫೆಬ್ರುವರಿ. ಮೆಕ್ಸಿಕೋದ ಅಕಪುಲ್ಕೊದಲ್ಲಿ ಬೀಚಿನ ಪಕ್ಕದ ಬಂಗಲೆಯೊಂದಕ್ಕೆ ಬಂದೂಕು ಹಿಡಿದ ಮುಸುಕುಧಾರಿಗಳು ನುಗ್ಗಿದರು. ಅಲ್ಲಿದ್ದ ಸ್ಪೇನಿನ ಆರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಪತ್ರಕರ್ತರು ಮುತ್ತಿಕೊಂಡಾಗ ಮೇಯರ್ ಲೂಯಿಸ್ ವಾಲ್ಟನ್, ಇಂಥದ್ದು ಲೋಕದಲ್ಲಿ ಎಲ್ಲ ಕಡೆಯೂ ನಡೆಯುತ್ತದೆ ಎಂದುಬಿಟ್ಟರು. ಜನ ಉರಿದುಬಿದ್ದರು. ಆಮೇಲೆ ಅವರು ಕ್ಷಮೆ ಕೇಳಿದರು.

ಮೇಯರ್‌ಗೆ ಬೈಯುವುದು ಸುಲಭ. ಆದರೆ ಆ ಮಾತು ಅವರೊಬ್ಬರ ಬಾಯಿಂದ ಸುಮ್ನೆ ಜಾರಿದ್ದಲ್ಲ. ಮನೆಗೆ ನೆಂಟರು ಬಂದಾಗ ಒಳಗಿನ ಜಗಳ ಹೊರಗೆ ಕೇಳಬಾರದು ಅಂತ ಬಾಗಿಲು ಹಾಕುತ್ತೇವಲ್ಲ, ಅಕಪುಲ್ಕೊ ಅದನ್ನು ಎಷ್ಟೋ ದಶಕಗಳಿಂದ ಮಾಡಿಕೊಂಡು ಬಂದಿದೆ.

ಅಕಪುಲ್ಕೊ ಇರುವುದು ಗೆರೆರೊ ರಾಜ್ಯದಲ್ಲಿ, ಪೆಸಿಫಿಕ್ ಸಾಗರದ ಅಂಚಿನಲ್ಲಿ. 1565ರಿಂದ 1815ರವರೆಗೆ ಫಿಲಿಪ್ಪೀನ್ಸಿನ ಮನಿಲಾದಿಂದ ರೇಷ್ಮೆ, ಮಸಾಲೆ, ಪಿಂಗಾಣಿ ತುಂಬಿದ ಹಡಗುಗಳು ಬಂದು ಸೇರುತ್ತಿದ್ದದ್ದು ಇಲ್ಲಿಗೇ. ಹಡಗುಗಳು ನಿಂತ ಮೇಲೆ ಊರು ಒಂದು ಶತಮಾನ ನಿದ್ದೆ ಹೋಯಿತು ಅನ್ನಬಹುದು. 1927ರಲ್ಲಿ ರಾಜಧಾನಿ ಮೆಕ್ಸಿಕೋ ಸಿಟಿಯಿಂದ ರಸ್ತೆ ಬಂತು. 1946ರಲ್ಲಿ ಅಧ್ಯಕ್ಷರಾದ ಮಿಗೆಲ್ ಅಲೆಮಾನ್ ಸರಕಾರದ ದುಡ್ಡನ್ನು ಇಲ್ಲಿಗೆ ಧಾರಾಳವಾಗಿ ಹರಿಸಿದರು. ಕೊಲ್ಲಿಯ ಉದ್ದಕ್ಕೂ ಇರುವ ದೊಡ್ಡ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಜನ ಅದನ್ನು ಬರೀ ಕೋಸ್ತೆರಾ ಅನ್ನುತ್ತಾರೆ.

ಹಾಲಿವುಡ್ ನಟರು ಬಂದರು. ಜಾನ್ ಕೆನಡಿ 1953ರಲ್ಲಿ ಮದುವೆಯಾಗಿ ಹನಿಮೂನ್‌ಗೆ ಬಂದದ್ದು ಇಲ್ಲಿಗೆ. 1975ರಲ್ಲಿ ಬಿಲ್ ಮತ್ತು ಹಿಲರಿ ಕ್ಲಿಂಟನ್ ಕೂಡ. ಕೆಬ್ರಾದಾ ಎಂಬ ಕಡಿದಾದ ಬಂಡೆಯ ಮೇಲಿಂದ, ಸುಮಾರು 35 ಮೀಟರ್ ಕೆಳಗಿನ ಸಮುದ್ರಕ್ಕೆ ಧುಮುಕುವ ಯುವಕರ ಫೋಟೊ ಲೋಕವೆಲ್ಲ ಸುತ್ತಿತು.

ಈಗ ಫೋಟೊದಲ್ಲಿ ಬಾರದ ಸಂಗತಿಗಳಿಗೆ ಬರೋಣ. 1967ರ ಆಗಸ್ಟಿನಲ್ಲಿ ಇದೇ ಅಕಪುಲ್ಕೊದಲ್ಲಿ ಕೊಬ್ಬರಿ ಬೆಳೆಗಾರರ ಸಂಘದ ಕಟ್ಟಡದ ಹತ್ತಿರ ಸೇರಿದ್ದ ರೈತರ ಮೇಲೆ ಗುಂಡು ಹಾರಿತು. ಹತ್ತಾರು ಜನ ಸತ್ತರು. ಅದೇ ವರ್ಷ ಪಕ್ಕದ ಬೆಟ್ಟಗಳಲ್ಲಿ ಲೂಸಿಯೊ ಕಬಾನ್ಯಾಸ್ ಎಂಬ ಶಾಲಾ ಮೇಷ್ಟ್ರು ಬಂದೂಕು ಹಿಡಿದು ಕಾಡು ಸೇರಿದರು. 1974ರಲ್ಲಿ ಸೈನ್ಯ ಅವರನ್ನು ಕೊಂದಿತು. ಆ ವರ್ಷಗಳಲ್ಲಿ ಹಳ್ಳಿಗಳಿಂದ ಹಿಡಿದು ತಂದ ನೂರಾರು ಜನ ಕಾಣೆಯಾದರು. ಕೆಲವರನ್ನು ಪಿಯೆ ದೆ ಲಾ ಕ್ವೆಸ್ತಾದ ವಾಯುನೆಲೆಯಿಂದ ವಿಮಾನದಲ್ಲಿ ಒಯ್ದು ಸಮುದ್ರಕ್ಕೆ ಎಸೆದರು ಎಂಬುದು ಮುಂದೆ ತನಿಖೆಗಳಲ್ಲಿ ಹೊರಬಂತು. ಪಿಯೆ ದೆ ಲಾ ಕ್ವೆಸ್ತಾ ಅಂದರೆ ಪ್ರವಾಸಿಗರಿಗೆ ಗೊತ್ತಿರುವುದು ಬೇರೆಯೇ: ಸೂರ್ಯಾಸ್ತ ನೋಡಲು ಹೋಗುವ ಜಾಗ!

ಅಂದರೆ ಊರಿನ ಸುವರ್ಣಯುಗ ಅನ್ನುವ ಕಾಲದಲ್ಲೂ ರಕ್ತ ಹರಿಯುತ್ತಲೇ ಇತ್ತು. ಆದರೆ ಪ್ರವಾಸೋದ್ಯಮ ಹಾಳಾಗುತ್ತದೆ ಎಂಬ ಗಾಬರಿ ಆಗ ಕಾಣಲಿಲ್ಲ. ನನಗೆ ಅನ್ನಿಸುವ ಕಾರಣ ಒಂದೇ. ಕೋಸ್ತೆರಾದ ಹೋಟೆಲ್ ಬಾಲ್ಕನಿಯಿಂದ ಅದು ಕಾಣುತ್ತಿರಲಿಲ್ಲ.

ಹೋಟೆಲುಗಳಿಗೆ ಕೆಲಸಗಾರರು ಬೇಕು. ಹಳ್ಳಿ ಬಿಟ್ಟು ಬಂದವರು ಕೊಲ್ಲಿಯ ಸುತ್ತಲಿನ ಗುಡ್ಡಗಳ ಮೇಲೆ ಗುಡಿಸಲು ಹಾಕಿಕೊಂಡರು. ಅಲ್ಲಿಂದ ನೋಡಿದರೆ ಕೊಲ್ಲಿ ಚೆಂದವೇ. ಆದರೆ ನಲ್ಲಿ ಇಲ್ಲ, ಚರಂಡಿ ಇಲ್ಲ. 1980ರ ಸುಮಾರಿಗೆ ಸರಕಾರ ಸಾವಿರಾರು ಕುಟುಂಬಗಳನ್ನು ಗುಡ್ಡದ ಆಚೆ ಬದಿಗೆ ಸಾಗಿಸಿತು. ಹೊಸ ಬಡಾವಣೆಗೆ ರೆನಸಿಮಿಯೆಂತೊ ಎಂದು ಹೆಸರಿಟ್ಟರು. ಅದರ ಅರ್ಥ ಮರುಹುಟ್ಟು. ಮೂವತ್ತು ವರ್ಷದ ಮೇಲೆ ಊರಿನಲ್ಲಿ ಜಾಸ್ತಿ ಕೊಲೆಯಾಗುವ ಬಡಾವಣೆಗಳ ಪಟ್ಟಿಯಲ್ಲಿ ಆ ಹೆಸರೂ ಸೇರಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಕಪುಲ್ಕೊಗೆ ವಿದೇಶಿಯರು ಕಡಿಮೆಯಾದದ್ದಕ್ಕೆಲ್ಲ ಗುಂಡೇ ಕಾರಣ ಅಂದರೆ ತಪ್ಪಾಗುತ್ತದೆ. 1970ರ ದಶಕದಲ್ಲಿ ಮೆಕ್ಸಿಕೋ ಸರಕಾರವೇ ಕೆರಿಬಿಯನ್ ಕಡಲ ಪಕ್ಕದಲ್ಲಿ ಕಾಂಕುನ್ ಎಂಬ ಹೊಸ ಊರನ್ನು ಯೋಜನೆ ಹಾಕಿ ಕಟ್ಟಿತು. ಅಮೆರಿಕದ ಪೂರ್ವ ಭಾಗದವರಿಗೆ ಅದು ಹತ್ತಿರ. ಅವರು ಅತ್ತ ಹೊರಳಿದರು. ಅಕಪುಲ್ಕೊಗೆ ಉಳಿದವರು ಹೆಚ್ಚಾಗಿ ಸ್ವದೇಶಿಯರು. 1993ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಮೆಕ್ಸಿಕೋ ಸಿಟಿಯಿಂದ ನಾಲ್ಕು ಗಂಟೆಯೊಳಗೆ ಬರಬಹುದಾಯಿತು. ಶುಕ್ರವಾರ ಸಂಜೆ ಮಕ್ಕಳು ಮರಿ ಕಟ್ಟಿಕೊಂಡು ಹೊರಡುವುದು, ಭಾನುವಾರ ವಾಪಸ್. ಪತ್ರಿಕೆಗಳು 'ಪ್ರವಾಸಿಗರು ಓಡಿಹೋದರು' ಎಂದು ಬರೆದಾಗಲೆಲ್ಲ ಈ ಜನ ಲೆಕ್ಕಕ್ಕೇ ಸಿಗುವುದಿಲ್ಲ.

ಬಾಗಿಲು ತೆರೆದುಕೊಂಡದ್ದು 2006ರಲ್ಲಿ. ಗೆರೆರೊದ ಬೆಟ್ಟಗಳಲ್ಲಿ ಗಾಂಜಾ ಮತ್ತು ಅಫೀಮಿನ ಗಸಗಸೆ ಗಿಡ ಹಿಂದಿನಿಂದಲೂ ಬೆಳೆಯುತ್ತಾರೆ. ಬಂದರು ಸಾಗಾಟಕ್ಕೆ ಅನುಕೂಲ. ಊರಿನಲ್ಲಿ ಹಿಡಿತ ಇದ್ದದ್ದು ಮಾದಕವಸ್ತು ಸಾಗಿಸುವ ಬೆಲ್ಟ್ರಾನ್ ಲೇವಾ ಸೋದರರ ಗುಂಪಿಗೆ. ಅದನ್ನು ಕಸಿಯಲು ಪೂರ್ವದ ಗಲ್ಫ್ ಕಾರ್ಟೆಲ್ ಎಂಬ ಇನ್ನೊಂದು ಗುಂಪಿನವರು ಬಂದರು. ಜನವರಿಯಲ್ಲಿ ಲಾ ಗರೀತಾ ಎಂಬ ಜಾಗದಲ್ಲಿ ಪೊಲೀಸರಿಗೂ ಬಂದೂಕುಧಾರಿಗಳಿಗೂ ನಡುಬೀದಿಯಲ್ಲೇ ಕಾಳಗವಾಯಿತು. ಏಪ್ರಿಲ್‌ನಲ್ಲಿ ಇಬ್ಬರು ಪೊಲೀಸರ ತಲೆ ಕಡಿದು ಸರಕಾರಿ ಕಟ್ಟಡದ ಮುಂದೆ ಇಟ್ಟು, 'ಗೌರವ ಕೊಡುವುದನ್ನು ಕಲಿಯಿರಿ' ಎಂಬ ಅರ್ಥದ ಚೀಟಿ ಬಿಟ್ಟುಹೋದರು. ಸುದ್ದಿ ಲೋಕವೆಲ್ಲ ಓಡಿತು.

ಆ ವರ್ಷದ ಡಿಸೆಂಬರಿನಲ್ಲಿ ಹೊಸ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಸೈನ್ಯವನ್ನು ಬೀದಿಗಿಳಿಸಿದರು. 2009ರ ಡಿಸೆಂಬರಿನಲ್ಲಿ ನೌಕಾಪಡೆ ಅರ್ತುರೊ ಬೆಲ್ಟ್ರಾನ್ ಲೇವಾನನ್ನು ಕೊಂದಿತು. ನಾಯಕ ಹೋದ, ಜೇನುಗೂಡಿಗೆ ಕಲ್ಲು ಬಿತ್ತು. ಒಂದಿದ್ದ ಗುಂಪು ಹಲವಾಯಿತು. ಚಿಕ್ಕ ಗುಂಪುಗಳಿಗೆ ಗಡಿಯಾಚೆ ಮಾಲು ಸಾಗಿಸುವ ತಾಕತ್ತು ಇರಲಿಲ್ಲ. ಅವರು ಹಿಡಿದ ದಂಧೆ ಹಫ್ತಾ ವಸೂಲಿ. ಟ್ಯಾಕ್ಸಿಯವರು, ರೊಟ್ಟಿ ಅಂಗಡಿಯವರು, ಮಾರುಕಟ್ಟೆಯ ವ್ಯಾಪಾರಿಗಳು, ಎಲ್ಲರೂ ಕೊಡಬೇಕು. 2011ರಲ್ಲಿ ಶಾಲೆಯ ಮೇಷ್ಟ್ರುಗಳಿಗೂ ಸಂಬಳದಲ್ಲಿ ಅರ್ಧ ಕೊಡಿ ಎಂಬ ಬೆದರಿಕೆ ಬಂತು. ನೂರಕ್ಕೂ ಹೆಚ್ಚು ಶಾಲೆಗಳು ಬಾಗಿಲು ಹಾಕಿದವು. ಮೇಷ್ಟ್ರುಗಳು ಬೀದಿಗಿಳಿದು ಮೆರವಣಿಗೆ ಮಾಡಿದರು.

2010ರ ಏಪ್ರಿಲ್‌ನಲ್ಲಿ ಕೋಸ್ತೆರಾದಲ್ಲೇ, ಹಾಡುಹಗಲಲ್ಲಿ ಗುಂಡಿನ ಕಾಳಗವಾಗಿ ಆರು ಜನ ಸತ್ತರು. ಅವರಲ್ಲಿ ಒಬ್ಬ ತಾಯಿ, ಒಂದು ಮಗು. ಸೆಪ್ಟೆಂಬರ್ ಕೊನೆಗೆ ಮಿಚೋಆಕಾನ್ ರಾಜ್ಯದಿಂದ ರಜೆಗೆ ಬಂದಿದ್ದ 20 ಗಂಡಸರನ್ನು ಅಪಹರಿಸಲಾಯಿತು. ವೈರಿ ಗುಂಪಿನವರು ಎಂದು ತಪ್ಪು ತಿಳಿದಿದ್ದರು ಎಂಬುದು ಆಮೇಲಿನ ವಿವರಣೆ. ನವೆಂಬರಿನಲ್ಲಿ ಒಂದೇ ಗುಂಡಿಯಲ್ಲಿ 18 ಹೆಣ ಸಿಕ್ಕವು. ಬೇರೆ ರಾಜ್ಯದಿಂದ ಬಂದದ್ದೇ ಅವರ ತಪ್ಪಾಯಿತು. 2012ರಲ್ಲಿ ಅಕಪುಲ್ಕೊದಲ್ಲಿ ಒಂದು ಲಕ್ಷ ಜನಕ್ಕೆ ಸುಮಾರು 143 ಕೊಲೆ ಎಂದು ಮೆಕ್ಸಿಕೋದ ನಾಗರಿಕ ಸಂಸ್ಥೆಯೊಂದು ಲೆಕ್ಕ ಹಾಕಿತು. ಅವರ ಪಟ್ಟಿಯಲ್ಲಿ ಊರು ಇಡೀ ಲೋಕಕ್ಕೆ ಎರಡನೆಯದು.

ವಿದೇಶಿ ಪತ್ರಿಕೆಗಳು ಬರೆಯತೊಡಗಿದವು. ಹೋಟೆಲಿನವರು ಸಿಟ್ಟಾದರು. ಸತ್ತವರಲ್ಲಿ ಹೆಚ್ಚಿನವರು ಗುಡ್ಡದ ಬಡಾವಣೆಗಳ ಬಡ ಹುಡುಗರು, ಬೀಚಿಗೆ ಏನೂ ಆಗಿಲ್ಲ ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ಸತ್ತವರು ಬಡವರು, ಆದ್ದರಿಂದ ನೀವು ಬನ್ನಿ ಎಂದಂತಾಗುತ್ತದೆ, ಅಲ್ವಾ? 2011ರಲ್ಲಿ ಅಧ್ಯಕ್ಷ ಕಾಲ್ದೆರೋನ್ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಖುದ್ದು ಗೈಡ್ ಆಗಿ ದೇಶ ತೋರಿಸಿದರು. ಮುಂದಿನ ವರ್ಷವೇ, 1975ರಿಂದ ಅಕಪುಲ್ಕೊದಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಪ್ರವಾಸೋದ್ಯಮ ಮೇಳ ಬೇರೆ ಊರಿಗೆ ಹೋಯಿತು. ಕ್ರೂಸ್ ಹಡಗು ಕಂಪನಿಗಳು ಒಂದೊಂದಾಗಿ ಈ ಬಂದರನ್ನು ಪಟ್ಟಿಯಿಂದ ಕೈಬಿಟ್ಟವು. ಅಮೆರಿಕದ ಕಾಲೇಜು ಹುಡುಗರು ವಸಂತದ ರಜೆಗೆ ಬರುವುದು ನಿಂತಿತು. 2018ರಲ್ಲಿ ಅಮೆರಿಕ ಸರಕಾರ ಇಡೀ ಗೆರೆರೊ ರಾಜ್ಯಕ್ಕೆ 'ಹೋಗಬೇಡಿ' ಎಂಬ ನಾಲ್ಕನೇ ಹಂತದ ಎಚ್ಚರಿಕೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೌಕಾಪಡೆಯವರು ಬಂದು ಊರಿನ ಪೊಲೀಸರ ಬಂದೂಕುಗಳನ್ನೇ ಕಿತ್ತುಕೊಂಡರು. ಪಡೆಯೊಳಗೆ ಗ್ಯಾಂಗಿನವರು ಸೇರಿಕೊಂಡಿದ್ದಾರೆ ಎಂಬ ಅನುಮಾನ.

ಇಷ್ಟರ ನಡುವೆ ಊರಿನ ಪತ್ರಕರ್ತರ ಕಥೆಯೇ ಬೇರೆ. ಮೆಕ್ಸಿಕೋದಲ್ಲಿ 'ನೋತಾ ರೋಹಾ' ಎಂದು ಒಂದು ಬಗೆಯ ಪತ್ರಿಕೆಗಳಿವೆ. 'ಕೆಂಪು ಸುದ್ದಿ' ಅಂತ ಅರ್ಥ. ಮುಖಪುಟದ ತುಂಬ ಹೆಣದ ಫೋಟೊ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಮಾರಾಟ. ಇವು ಊರಿನ ಹೆಸರು ಕೆಡಿಸುತ್ತವೆ ಎಂಬ ದೂರು ಹಳೆಯದು. ಆದರೆ ಬರೆಯುವವರ ಮೇಲೆ ಒತ್ತಡ ಎರಡು ಕಡೆಯಿಂದ. ಹೋಟೆಲು ಮತ್ತು ಸರಕಾರದವರಿಗೆ ಬರೆಯುವುದು ಬೇಡ. ಗ್ಯಾಂಗುಗಳಿಗೆ ತಮ್ಮದು ಬರೆಯಬೇಕು, ಇಲ್ಲವೇ ಎದುರಾಳಿಯದು ಬರೆಯಬಾರದು. ಟೆಲೆವಿಸಾ ಚಾನೆಲಿನ ವರದಿಗಾರ ಅಮಾದೊ ರಮೀರೆಸ್ ಅವರನ್ನು 2007ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ ಗುಂಡಿಟ್ಟು ಕೊಂದರು. 2023ರ ಜುಲೈನಲ್ಲಿ ಸುದ್ದಿತಾಣ ನಡೆಸುತ್ತಿದ್ದ ನೆಲ್ಸನ್ ಮಾತೂಸ್ ಕೊಲೆಯಾದರು. 2011ರ ಮಾರ್ಚಿನಲ್ಲಿ 700ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು ಹಿಂಸೆಯನ್ನು ಹೇಗೆ ವರದಿ ಮಾಡಬೇಕು ಎಂಬ ಒಪ್ಪಂದಕ್ಕೆ ಸಹಿ ಹಾಕಿದ್ದವು. ಗ್ಯಾಂಗುಗಳ ಪ್ರಚಾರಕ್ಕೆ ನಾವು ಮೈಕ್ ಆಗುವುದಿಲ್ಲ ಎಂಬುದು ಅದರ ಸಾರ. ಕೆಲವು ಹೆಸರಾಂತ ಪತ್ರಿಕೆಗಳು ಸಹಿ ಹಾಕಲಿಲ್ಲ. ನನಗೆ ಅವರ ಹಿಂಜರಿಕೆ ಅರ್ಥವಾಗುತ್ತದೆ. ಪ್ರಚಾರ ಕೊಡಬಾರದು ಎಂಬ ನಿಯಮವನ್ನು ಸುದ್ದಿ ಮುಚ್ಚುವುದಕ್ಕೂ ಬಳಸಬಹುದು.

2023ರ ಅಕ್ಟೋಬರ್ 25ರ ನಡುರಾತ್ರಿ ಓಟಿಸ್ ಚಂಡಮಾರುತ ಬಡಿಯಿತು. ಗಂಟೆಗೆ ಸುಮಾರು 270 ಕಿಲೋಮೀಟರ್ ಗಾಳಿ. ಹೋಟೆಲುಗಳ ಗಾಜೆಲ್ಲ ಉದುರಿ ಬರೀ ಅಸ್ಥಿಪಂಜರ ನಿಂತಿತು. ಅಂಗಡಿಗಳು ಲೂಟಿಯಾದವು. ಸರಕಾರ 10,000 ರಾಷ್ಟ್ರೀಯ ಕಾವಲುಪಡೆಯವರನ್ನು ಕಳಿಸುವುದಾಗಿ ಹೇಳಿತು.

ಹೊಸ ವರ್ಷ ಬರುವ ಹೊತ್ತಿಗೆ ಗಾಜು ಗುಡಿಸಿ ಕೆಲವು ಹೋಟೆಲುಗಳು ತೆರೆದವು. ಜನವರಿಯಲ್ಲಿ ಟ್ಯಾಕ್ಸಿ, ಮಿನಿಬಸ್ ಚಾಲಕರ ಮೇಲೆ ಮತ್ತೆ ದಾಳಿಗಳಾದವು. ಚಾಲಕರನ್ನು ಕೊಂದರು, ವಾಹನಗಳಿಗೆ ಬೆಂಕಿ ಇಟ್ಟರು. ಚಾಲಕರು ಗಾಡಿ ನಿಲ್ಲಿಸಿಬಿಟ್ಟರು. ಫೆಬ್ರುವರಿ ಕೊನೆಗೆ ವಿಮಾನ ನಿಲ್ದಾಣದ ಹತ್ತಿರದ ಶ್ರೀಮಂತರ ದಿಯಾಮಾಂತೆ ಭಾಗದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆಯಿತು. ಏಪ್ರಿಲ್‌ನಲ್ಲಿ ಪ್ರವಾಸೋದ್ಯಮ ಮೇಳವೂ ವಾಪಸ್ ಬಂತು. ಅಕಪುಲ್ಕೊ ಎದ್ದು ನಿಂತಿದೆ ಎಂದು ಸರಕಾರ ಹೇಳಿತು. ಗುಡ್ಡದ ಬಡಾವಣೆಗಳ ಚಾಲಕರು ಹಫ್ತಾ ಕೊಡುತ್ತಲೇ ಇದ್ದರು.