ಎಮಿನೆಂಟ್ ಡೊಮೇನ್: ಮನೆ ನಿಮ್ಮದೇ, ಆದರೆ ‘ಕೊಡಲ್ಲ’ ಅನ್ನುವಂತಿಲ್ಲ

ಅಮೆರಿಕದ ಸುದ್ದಿ ಓದುವವರಿಗೆ ‘ಎಮಿನೆಂಟ್ ಡೊಮೇನ್’ ಅನ್ನುವ ಮಾತು ಆಗಾಗ ಎದುರಾಗುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ‘ಭೂಸ್ವಾಧೀನ’. ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ಭೂಸ್ವಾಧೀನ ಅಂದರೆ ಸರ್ಕಾರ ಮಾಡುವ ಕೆಲಸ. ಎಮಿನೆಂಟ್ ಡೊಮೇನ್ ಅಂದರೆ ಆ ಕೆಲಸ ಮಾಡಲು ಸರ್ಕಾರಕ್ಕಿರುವ ಅಧಿಕಾರ. ಡಚ್ ನ್ಯಾಯಪಂಡಿತ ಹ್ಯೂಗೊ ಗ್ರೋಷಿಯಸ್ 1625ರಲ್ಲಿ ಲ್ಯಾಟಿನ್‌ನಲ್ಲಿ ಬಳಸಿದ ಮಾತಿನಿಂದ ಇದು ಬಂದಿದೆ. ಕನ್ನಡದಲ್ಲಿ ‘ಮೇಲೊಡೆತನ’ ಎನ್ನಬಹುದೇನೋ. ನಿಮ್ಮ ಒಡೆತನದ ಮೇಲೆ ರಾಜ್ಯದ್ದೂ ಒಂದು ಒಡೆತನ ಇದೆ ಅನ್ನುವ ಕಲ್ಪನೆ ಅದು.

ಮನೆ ಮಾರಬೇಕಾದರೆ ಕೊಳ್ಳುವವರೂ ಒಪ್ಪಬೇಕು, ಮಾರುವವರೂ ಒಪ್ಪಬೇಕು. ಇಲ್ಲಿ ಮಾರುವವರು ಒಪ್ಪದಿದ್ದರೂ ಸರ್ಕಾರ ಆಸ್ತಿ ತೆಗೆದುಕೊಳ್ಳಬಹುದು. ದುಡ್ಡು ಸಿಗುತ್ತದೆ, ನಿಜ. ಆದರೆ ಅದು ಮಾರುಕಟ್ಟೆ ಬೆಲೆ. ‘ಎಷ್ಟು ಕೊಟ್ಟರೂ ಈ ಮನೆ ಬಿಡಲ್ಲ’ ಅನ್ನುವವರಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಈ ಅಧಿಕಾರಕ್ಕೆ ಕಡಿವಾಣ ಬೇಕಲ್ವಾ? 1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿ ಅದನ್ನು ಹಾಕಿತು. ಖಾಸಗಿ ಆಸ್ತಿಯನ್ನು ಸಾರ್ವಜನಿಕ ಬಳಕೆಗೆ ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಕೊಡಲೇಬೇಕು. ಜಗಳವೆಲ್ಲ ಇರುವುದು ‘ಬಳಕೆ’ ಅನ್ನುವ ಆ ಒಂದು ಪದದಲ್ಲಿ.

ರಸ್ತೆ ಮಾಡಿದರೆ ಎಲ್ಲರೂ ಓಡಾಡುತ್ತಾರೆ. ಶಾಲೆ ಕಟ್ಟಿದರೆ ಮಕ್ಕಳು ಓದುತ್ತಾರೆ. ಬಳಕೆ ಕಣ್ಣಿಗೆ ಕಾಣುತ್ತದೆ. ಆದರೆ 1954ರಲ್ಲಿ ವಾಷಿಂಗ್ಟನ್ ನಗರದ ಒಂದು ಕೇಸು ಬಂತು. ಹಾಳುಬಿದ್ದ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ. ಅದರ ನಡುವೆ ಇದ್ದ ಅಂಗಡಿಯೊಂದರ ಮಾಲೀಕರು, ನಮ್ಮ ಕಟ್ಟಡ ಹಾಳಾಗಿಲ್ಲ, ಇದನ್ನೇಕೆ ಇನ್ನೊಬ್ಬ ಖಾಸಗಿಯವರಿಗೆ ಕೊಡುತ್ತೀರಿ ಎಂದು ಕೇಳಿದರು. ಬಡಾವಣೆಯನ್ನು ಒಟ್ಟಾಗಿಯೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಅಲ್ಲಿಂದ ‘ಬಳಕೆ’ ಇದ್ದ ಜಾಗಕ್ಕೆ ‘ಉದ್ದೇಶ’ ಬಂದು ಕೂತಿತು. ಬಳಕೆಯನ್ನು ಹೋಗಿ ನೋಡಬಹುದು. ಉದ್ದೇಶ ಇರುವುದು ಕಾಗದದಲ್ಲಿ. 1981ರಲ್ಲಿ ಡೆಟ್ರಾಯಿಟ್‌ನ ಪೋಲ್‌ಟೌನ್ ಅನ್ನುವ ಕೇರಿಯಿಂದ 4,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಜಾಗ ಕೊಟ್ಟರು. ಉದ್ದೇಶ ಉದ್ಯೋಗ. ಆಗ ಸರಿ ಎಂದಿದ್ದ, ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟೇ 2004ರಲ್ಲಿ, ನಾವು ಹೇಳಿದ್ದು ತಪ್ಪು ಎಂದಿತು. ಅಷ್ಟರಲ್ಲಿ ಪೋಲ್‌ಟೌನ್ ಎಲ್ಲಿ ಉಳಿದಿತ್ತು?

ಈ ಪದ ಮನೆಮನೆಗೂ ಗೊತ್ತಾಗಿದ್ದು ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಅನ್ನುವ ಸಣ್ಣ ಊರಿನಿಂದ. ಅಲ್ಲಿನ ನೌಕಾಪಡೆ ಕೇಂದ್ರ 1996ರಲ್ಲಿ ಮುಚ್ಚಿತ್ತು. ಊರಿನಲ್ಲಿ ಕೆಲಸ ಇರಲಿಲ್ಲ. 1998ರಲ್ಲಿ ಔಷಧ ಕಂಪನಿ ಫೈಜರ್, ಫೋರ್ಟ್ ಟ್ರಂಬುಲ್ ಬಡಾವಣೆಯ ಪಕ್ಕದಲ್ಲಿ ದೊಡ್ಡ ಸಂಶೋಧನಾ ಕೇಂದ್ರ ಕಟ್ಟುವುದಾಗಿ ಹೇಳಿತು. ಊರಿನವರು ಆಸೆಪಟ್ಟಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಸುತ್ತಲಿನ 90 ಎಕರೆಗೆ ಯೋಜನೆ ಸಿದ್ಧವಾಯಿತು. ಹೋಟೆಲ್, ಅಂಗಡಿಗಳು, ಕಚೇರಿಗಳು, ಹೊಸ ಮನೆಗಳು. 1,000ಕ್ಕೂ ಹೆಚ್ಚು ಕೆಲಸ ಸಿಗುತ್ತದೆ, ತೆರಿಗೆ ಜಾಸ್ತಿ ಬರುತ್ತದೆ ಎಂಬ ಲೆಕ್ಕ.

ತುಂಬಾ ಜನ ಮಾರಿ ಹೋದರು. 15 ಆಸ್ತಿಗಳ 9 ಮಾಲೀಕರು ಮಾತ್ರ ಒಪ್ಪದೆ ಕೋರ್ಟಿಗೆ ಹೋದರು. ಅವರಲ್ಲೊಬ್ಬರು ನರ್ಸ್ ಸುಸೆಟ್ ಕೀಲೊ. 1997ರಲ್ಲಿ ಕೊಂಡ ಪುಟ್ಟ ಮನೆಗೆ ಗುಲಾಬಿ ಬಣ್ಣ ಬಳಿಸಿಕೊಂಡಿದ್ದರು. ನೀರು ಕಾಣುವ ಮನೆ ಅದು. ಇನ್ನೊಬ್ಬ ಅಜ್ಜಿ 1918ರಲ್ಲಿ ಅದೇ ಬಡಾವಣೆಯ ತಮ್ಮ ಮನೆಯಲ್ಲೇ ಹುಟ್ಟಿ, ಅಲ್ಲೇ ಬಾಳುತ್ತಿದ್ದವರು. ಈ ಮನೆಗಳು ಹಾಳುಬಿದ್ದಿವೆ ಎಂದು ನಗರಸಭೆಯೂ ಹೇಳಿರಲಿಲ್ಲ. ಅವು ಯೋಜನೆಯ ನಕ್ಷೆಯೊಳಗೆ ಬಿದ್ದಿದ್ದವು, ಅಷ್ಟೇ.

2005ರ ಜೂನ್ 23ರಂದು ಸುಪ್ರೀಂ ಕೋರ್ಟ್ 5–4ರ ಅಂತರದಲ್ಲಿ ನಗರದ ಪರ ತೀರ್ಪು ಕೊಟ್ಟಿತು. ಊರಿನ ಆರ್ಥಿಕ ಬೆಳವಣಿಗೆಯೂ ಸಾರ್ವಜನಿಕ ಉದ್ದೇಶವೇ ಎಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದರು. ಒಪ್ಪದ ನಾಲ್ವರಲ್ಲಿ ಒಬ್ಬರಾದ ಸಾಂಡ್ರಾ ಡೇ ಒಕಾನರ್ ಎತ್ತಿದ ಆತಂಕ ನೇರವಾಗಿತ್ತು. ಹೀಗಾದರೆ ಯಾವ ಮನೆಯ ಜಾಗದಲ್ಲಿ ಬೇಕಾದರೂ ಮಾಲ್ ಏಳಬಹುದು, ಯಾವ ಹೊಲದಲ್ಲಿ ಬೇಕಾದರೂ ಕಾರ್ಖಾನೆ ಬರಬಹುದು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ಮನೆಗಿಂತ ಮಾಲ್‌ನಿಂದ ತೆರಿಗೆ ಜಾಸ್ತಿ ಬರುವುದು ಎಲ್ಲ ಊರಲ್ಲೂ ನಿಜ. ಅದೇ ಕಾರಣ ಸಾಕು ಎಂದರೆ ಯಾವ ಮನೆ ತಾನೇ ಉಳಿದೀತು?

ಬೇಕಿದ್ದರೆ ರಾಜ್ಯಗಳು ಇನ್ನೂ ಬಿಗಿ ನಿಯಮ ಮಾಡಿಕೊಳ್ಳಬಹುದು ಎಂದೂ ತೀರ್ಪು ಹೇಳಿತ್ತು. ಜನರ ಸಿಟ್ಟು ಎಷ್ಟಿತ್ತೆಂದರೆ 40ಕ್ಕೂ ಹೆಚ್ಚು ರಾಜ್ಯಗಳು ಕಾನೂನು ಬದಲಿಸಿದವು. ಕೀಲೊ ಅವರ ಮನೆಯನ್ನು ಬಿಚ್ಚಿ ಊರಿನ ಬೇರೆ ಕಡೆ ಮತ್ತೆ ಜೋಡಿಸಿದರು. ಖಾಲಿಯಾದ ಜಾಗದಲ್ಲಿ ಹೇಳಿದ ಹೋಟೆಲ್ಲೂ ಬರಲಿಲ್ಲ, ಅಂಗಡಿಯೂ ಬರಲಿಲ್ಲ. ವರ್ಷಗಟ್ಟಲೆ ಹುಲ್ಲು ಬೆಳೆಯಿತು. 2009ರಲ್ಲಿ ಫೈಜರ್ ಕೂಡ ನ್ಯೂ ಲಂಡನ್ ಬಿಡುವುದಾಗಿ ಹೇಳಿತು.

ಭಾರತದ ಕಾನೂನಿನಲ್ಲಿ ‘ಬಳಕೆ’ಯಿಂದ ‘ಉದ್ದೇಶ’ಕ್ಕೆ ಜಾರುವ ಪ್ರಶ್ನೆಯೇ ಬರಲಿಲ್ಲ. 1894ರ ಬ್ರಿಟಿಷರ ಕಾಯ್ದೆಯಲ್ಲೇ ಇದ್ದದ್ದು ‘ಸಾರ್ವಜನಿಕ ಉದ್ದೇಶ’. 2013ರ ಹೊಸ ಕಾಯ್ದೆ ಆ ಪದವನ್ನು ಉಳಿಸಿಕೊಂಡು ಒಪ್ಪಿಗೆಯ ಷರತ್ತು ಸೇರಿಸಿತು. ಖಾಸಗಿ ಕಂಪನಿಗಾಗಿ ಜಮೀನು ತೆಗೆದುಕೊಳ್ಳುವುದಾದರೆ ತೊಂದರೆಗೆ ಒಳಗಾಗುವ ಕುಟುಂಬಗಳಲ್ಲಿ 80% ಒಪ್ಪಬೇಕು. ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆಯಾದರೆ 70%. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ. ಅದರಲ್ಲಿ ಈ ಒಪ್ಪಿಗೆಯ ಷರತ್ತು ಇಲ್ಲ. ಹಾಗಾಗಿ ಕೈಗೆ ನೋಟಿಸ್ ಬಂದರೆ ಪರಿಹಾರದ ಮೊತ್ತ ನೋಡುವ ಮೊದಲು, ಅದು ಯಾವ ಕಾಯ್ದೆಯ ಯಾವ ಕಲಮಿನಡಿ ಬಂದಿದೆ ಎಂದು ನೋಡಿ. 28(1) ಎಂದಿದ್ದರೆ ಅದು ಕೆಐಎಡಿಬಿಯ ಮೊದಲ ಹಂತ. ಆಕ್ಷೇಪಣೆ ಸಲ್ಲಿಸುವ ಅವಕಾಶ ಇರುವುದು ಆಗಲೇ, 28(4)ರ ಅಂತಿಮ ಅಧಿಸೂಚನೆ ಬರುವ ಮೊದಲು.