ಘಟ್ಟದಲ್ಲಿ ಎಂಜಿನ್ ಬೊಬ್ಬೆ ಹೊಡೆಯಲಿ ಬಿಡಿ

ಕಂಬಳದ ಋತು ಶುರುವಾದರೆ ಮಂಗಳೂರಿನ ಬೈಕಂಪಾಡಿಯ ನನ್ನ ವರ್ಕ್‌ಶಾಪಿಗೆ ಕೋಣ ಸಾಗಿಸುವ ಲಾರಿಗಳು ಬರತೊಡಗುತ್ತವೆ. ಮೂಲ್ಕಿಗೋ ಕಟಪಾಡಿಗೋ ಹೋಗಿ ಬರುವವುಗಳಿಗೆ ದೊಡ್ಡ ರೋಗವೇನೂ ಇರುವುದಿಲ್ಲ. ಘಟ್ಟ ಹತ್ತಿದವುಗಳ ಕತೆ ಬೇರೆ.

2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತಲ್ಲ, ಅದು ಮುಗಿದ ವಾರದಲ್ಲೇ ಒಂದು ಲಾರಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ತೆಳು ಹಾಳೆ) ಸುಟ್ಟುಕೊಂಡು ಬಂತು. ಚಾಲಕ ಪಾಪದವನು. "ಗಾಡಿಗೆ ಒಂದಿಷ್ಟೂ ಕಷ್ಟ ಕೊಟ್ಟಿಲ್ಲ ಮಾರಾಯರೇ. ಶಿರಾಡಿಯಲ್ಲಿ ಸೆಕೆಂಡ್ ಗೇರಿಗೆ ಇಳಿಸಲೇ ಇಲ್ಲ, ಸದ್ದೇ ಇಲ್ಲದೆ ಹತ್ತಿಸಿದ್ದೇನೆ" ಎಂದ. ಗ್ಯಾಸ್ಕೆಟ್ ಹೋದದ್ದು ಅದಕ್ಕೇ.

ಲೆಕ್ಕ ನೋಡಿ. ನಾಲ್ಕು ಕೋಣ, ಒಂದೊಂದು ಐದೂವರೆ ನೂರು ಕಿಲೋ ಎಂದು ಹಿಡಿಯೋಣ. ಮನೆಯ ಬಾವಿ ನೀರೇ ಆಗಬೇಕೆಂದು ಮೂರು ಡ್ರಮ್ ನೀರು, ಅದೇ ಆರು ನೂರು ಕಿಲೋ. ಹುಲ್ಲು, ಹುರುಳಿ ಚೀಲ, ಏಳೆಂಟು ಜನ. ಲಾರಿಯ ಸ್ವಂತ ತೂಕವೂ ಸೇರಿದರೆ ಏಳು ಟನ್ ಮುಟ್ಟುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಇದನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು ಸುಮಾರು 45 ಅಶ್ವಶಕ್ತಿ ಬೇಕು. ಸಪಾಟು ರಸ್ತೆಯಲ್ಲಿ ಅದೇ ವೇಗಕ್ಕೆ ಹತ್ತರೊಳಗೆ ಸಾಕು. (ಕೋಣಗಳನ್ನು ಬೆಂಗಳೂರಿಗೆ ಎಳೆಯಲು ನಲವತ್ತೈದು ಕುದುರೆ! ಯಜಮಾನರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ.)

ನಲವತ್ತೈದನ್ನು ಕೊಡುವ ತಾಕತ್ತು ಎಂಜಿನ್ನಿಗೆ ಇದೆ. ಯಾವ ಗೇರಿನಲ್ಲಿ ಕೇಳುತ್ತೀರಿ ಎಂಬುದು ಪ್ರಶ್ನೆ. ಇಂಥ ಲಾರಿ ಆ ವೇಗದಲ್ಲಿ ಥರ್ಡ್ ಗೇರಿನಲ್ಲಿದ್ದರೆ ಎಂಜಿನ್ ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ, ಸೆಕೆಂಡ್ ಗೇರಿನಲ್ಲಾದರೆ 2000ದ ಆಸುಪಾಸು. ಎರಡರಲ್ಲೂ ಕೆಲಸ ಒಂದೇ. ಆದರೆ ಅದನ್ನು 2000 ಸುತ್ತಿಗೆ ಹಂಚಿದಾಗ ಒಂದೊಂದು ಹೊಡೆತದಲ್ಲಿ ಪಿಸ್ಟನ್, ಬೇರಿಂಗ್‌ಗಳ ಮೇಲೆ ಬೀಳುವ ಹೊರೆ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ.

ಅದಕ್ಕಿಂತ ದೊಡ್ಡದು ಶಾಖದ ವಿಷಯ. ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರಕ್ಕೆ ಹೋಗುವುದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಉಳಿದದ್ದನ್ನು ಹೊಗೆಯೂ ರೇಡಿಯೇಟರೂ ಹೊರಹಾಕಬೇಕು. ಘಟ್ಟದ ನಡಿಗೆಯಲ್ಲಿ ಎದುರು ಗಾಳಿ ಎಲ್ಲಿಯದು? ಫ್ಯಾನೇ ಗತಿ. ಹಳೆಯ ಲಾರಿಗಳಲ್ಲಿ ಆ ಫ್ಯಾನೂ ವಾಟರ್ ಪಂಪೂ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದಲೇ. ಎಂಜಿನ್ ನಿಧಾನವಾದರೆ ಅವೂ ನಿಧಾನ. ಟರ್ಬೊ ಕೂಡ ಸಾಕಷ್ಟು ಗಾಳಿ ತಳ್ಳುವುದಿಲ್ಲ, ಡೀಸೆಲ್ ಅರೆಬರೆ ಉರಿದು ಹಿಂದೆ ಕಪ್ಪು ಹೊಗೆ ಏಳುತ್ತದೆ. ಸದ್ದಿಲ್ಲದೆ ಹತ್ತುವ ಎಂಜಿನ್ ಹೊರೆಯನ್ನೂ ಹೆಚ್ಚು ಹೊರುತ್ತದೆ, ತಣಿಯುವುದೂ ಕಡಿಮೆ. ನನಗೆ ಭಯ ಹುಟ್ಟಿಸುವುದು ಆ ಗುಮ್ಮೆನ್ನುವ ನರಳಾಟ, ಬೊಬ್ಬೆಯಲ್ಲ.

ಆ ಲಾರಿಯ ರೇಡಿಯೇಟರಂತೂ ನೋಡುವಂತಿರಲಿಲ್ಲ. ಉಪ್ಪುಗಾಳಿಗೆ ಜಾಲರಿಯ ಎಲೆಗಳು ಪುಡಿಯಾಗಿದ್ದವು, ಕಂಬಳದ ಗದ್ದೆಯ ಪಕ್ಕ ನಿಲ್ಲಿಸಿದಾಗ ಹಾರಿದ ಕೆಸರು ಒಣಗಿ ಕೂತಿತ್ತು. ಒಳಗೆ ಕೂಲೆಂಟ್ ಬದಲು ಬರಿಯ ನೀರು, ಮುಚ್ಚಳದ ರಬ್ಬರ್ ಹರಿದಿತ್ತು. ಆ ಮುಚ್ಚಳದ ಕೆಲಸ ಕುಕ್ಕರ್ ವಿಷಲಿನದ್ದೇ: ಒತ್ತಡ ನಿಂತರೆ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದು, ಸೋರಿದರೆ ನೂರಕ್ಕೇ ಕುದಿಯುತ್ತದೆ. ಮುಚ್ಚಳಕ್ಕೆ ಖರ್ಚು ಮಾಡದೆ ಹೆಡ್ ಬಿಚ್ಚಿಸುವವರನ್ನು ಎಷ್ಟೋ ಮಂದಿ ನೋಡಿದ್ದೇನೆ.

ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರಿದರೆ ಲಾರಿಯನ್ನು ಬದಿಗೆ ಹಾಕಿ, ಆದರೆ ತಕ್ಷಣ ಎಂಜಿನ್ ಆರಿಸಬೇಡಿ. ಎರಡು ಮೂರು ನಿಮಿಷ ಸುಮ್ಮನೆ ಓಡುತ್ತಿರಲಿ, ಟರ್ಬೊಗೆ ಎಣ್ಣೆ ಹರಿಯಲಿ. ಆವಿ ಏಳುತ್ತಿದ್ದರೆ ಮಾತ್ರ ಆರಿಸಿಬಿಡಿ, ಮುಚ್ಚಳ ಮುಟ್ಟಬೇಡಿ. ಕೋಣಗಳಿಗೂ ಆಗ ನೀರು ಕೊಡಬಹುದು. ಡ್ರಮ್ಮಿನ ಭಾರವೂ ಒಂದಿಷ್ಟು ಇಳಿಯುತ್ತದೆ.

ಚಾಲಕ ಈಗ ಸೆಕೆಂಡ್ ಗೇರಿನಲ್ಲೇ ಹತ್ತಿಸುತ್ತಾನೆ. ಹಿಂದೆ ಜೀಪಿನಲ್ಲಿ ಬರುವ ಯಜಮಾನರು ಘಟ್ಟದ ಮೇಲಿನ ಮಾರನಹಳ್ಳಿ ತಲುಪುವುದರೊಳಗೆ ಎರಡು ಸಲ ಫೋನ್ ಮಾಡುತ್ತಾರಂತೆ: "ಯಾಕೆ ಮಾರಾಯ, ಗಾಡಿ ಹೀಗೆ ಕಿರುಚುತ್ತಿದೆ?"