ಆಂಡುಯಿನ್ ಆ ಉಂಗುರವನ್ನು ಸಮುದ್ರಕ್ಕೆ ಒಯ್ಯುವಂಥ ನದಿಯೇ ಅಲ್ಲ

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯಲ್ಲಿ ಸರುಮಾನ್ ಎಂಬ ಮಾಂತ್ರಿಕ ಒಂದು ಸುಳ್ಳು ಹೇಳುತ್ತಾನೆ. ಲೋಕವನ್ನೇ ಆಳುವ ಶಕ್ತಿಯಿರುವ ಆ ಚಿನ್ನದ ಉಂಗುರ ಆಂಡುಯಿನ್ ಎಂಬ ನದಿಗೆ ಬಿತ್ತು, ಉರುಳುತ್ತಾ ಉರುಳುತ್ತಾ ಎಂದೋ ಸಮುದ್ರ ಸೇರಿಬಿಟ್ಟಿದೆ ಅಂತ. ದೊಡ್ಡ ದೊಡ್ಡ ಜ್ಞಾನಿಗಳೂ ನಂಬುತ್ತಾರೆ. ಮೊದಲ ಸಲ ಓದಿದಾಗ ನಾನೂ ನಂಬಿದ್ದೆ. ಹೊಳೆಗೆ ಬಿದ್ದದ್ದು ಕೊನೆಗೆ ಕಡಲಿಗೇ ಅಲ್ವಾ ಹೋಗೋದು?

ಆದರೆ ಆ ಕಥಾಲೋಕದ ನಕ್ಷೆ ಹರವಿಕೊಂಡು ನೋಡಿ. ಆಂಡುಯಿನ್ ಬಡಗಣ ಬೆಟ್ಟಗಳಲ್ಲಿ ಹುಟ್ಟಿ ತೆಂಕಲಿಗೆ ಹರಿಯುತ್ತದೆ. ಪಶ್ಚಿಮಕ್ಕೆ ಮಿಸ್ಟಿ ಮೌಂಟನ್ಸ್ ಸಾಲು, ಪೂರ್ವಕ್ಕೆ ಮರ್ಕ್‌ವುಡ್ ಕಾಡು. ಒಂದು ಕಡೆ ನದಿ ಸುಮಾರು 70 ಮೈಲಿ ಉದ್ದಕ್ಕೂ ರಭಸದಿಂದ ಇಳಿಯುತ್ತದೆ, ಅದರ ಹರಿವಿನಲ್ಲೇ ಅತಿ ವೇಗದ ಭಾಗ ಅದು, ಇಳಿದು ಒಂದು ತಗ್ಗಿಗೆ ಬಂದು ಬೀಳುತ್ತದೆ. ಪಕ್ಕದ ಬೆಟ್ಟದಿಂದ ಗ್ಲ್ಯಾಡನ್ ಎಂಬ ಉಪನದಿಯೂ ಅಲ್ಲೇ ಬಂದು ಕೂಡುತ್ತದೆ. ಹಿಂದೆ ಅದು ದೊಡ್ಡ ಸರೋವರವಾಗಿತ್ತಂತೆ. ಕಥೆಯ ಕಾಲಕ್ಕೆ ಜೌಗು. ನಡುಗಡ್ಡೆಗಳು, ಆಪು, ಜೊಂಡು, ಆಳೆತ್ತರ ಮೀರಿದ ಹಳದಿ ಐರಿಸ್ ಹೂಗಳು. ಇದು ಸುಮ್ನೆ ಬರೆದ ವರ್ಣನೆಯಲ್ಲ. ಓಡುವ ನೀರು ಮಣ್ಣು ಮರಳು ಹೊತ್ತು ತರುತ್ತದೆ, ನಿಂತ ನೀರಿಗೆ ಬಂದ ಕೂಡಲೇ ಇಳಿಸಿಬಿಡುತ್ತದೆ. ಎರಡು ಹೊಳೆಗಳ ಹೂಳು ತುಂಬಿ ತುಂಬಿ ಸರೋವರ ಜೌಗಾಯಿತು. ನಮ್ಮೂರ ಕೆರೆಗಳಲ್ಲಿ ನೀರು ಒಳಗೆ ಬರುವ ಕಡೆ ನೋಡಿ, ಅದೇ ಕೆಲಸ ನಡೆದಿರುತ್ತದೆ.

ಉಂಗುರ ಬಿದ್ದದ್ದು ಇಲ್ಲೇ, ಆ ಕಥಾಲೋಕದ ಮೂರನೇ ಯುಗದ 2ನೇ ವರ್ಷದಲ್ಲಿ. ಆಗ ಉಂಗುರ ಇದ್ದದ್ದು ರಾಜ ಇಸಿಲ್ದುರ್ ಬಳಿ. ಓರ್ಕ್ ಎಂಬ ದುಷ್ಟ ಜೀವಿಗಳಿಂದ ತಪ್ಪಿಸಿಕೊಂಡ ಅವನು ರಾತ್ರಿ ಕವಚ ಬಿಚ್ಚಿ ನೀರಿಗೆ ಧುಮುಕುತ್ತಾನೆ. ಸೆಳೆತ ಅವನನ್ನು ಎಳೆದೊಯ್ಯುತ್ತದೆ. ಆಮೇಲೆ ಸೆಳೆತ ಕಡಿಮೆಯಾಗಿ, ಜೊಂಡು ಕಾಲಿಗೆ ತೊಡರುವಾಗ ಅವನಿಗೆ ಗೊತ್ತಾಗುತ್ತದೆ: ಬೆರಳಲ್ಲಿ ಉಂಗುರ ಇಲ್ಲ. ಬೆರಳಿಂದ ಜಾರಿದ್ದು ಉಂಗುರದ್ದೇ ಇಚ್ಛೆ ಅನ್ನುತ್ತದೆ ಕಥೆ. ಇರಲಿ, ಬಿದ್ದ ಮೇಲೆ ಅದು ಎಲ್ಲಿ ಉಳಿಯಬೇಕು ಅನ್ನುವುದು ಮಾತ್ರ ನದಿಯ ಕೈಯಲ್ಲಿತ್ತು.

ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು, ಸಾಮಾನ್ಯ ಮರಳಿನದು ಸುಮಾರು 2.65 ಪಟ್ಟು. ನೀರಿನ ತೇಲಿಸುವ ಬಲವನ್ನು ಕಳೆದರೆ, ಅಷ್ಟೇ ಗಾತ್ರದ ಮರಳಿಗಿಂತ ಚಿನ್ನ ನೀರೊಳಗೆ ಸುಮಾರು 11 ಪಟ್ಟು ಭಾರ. ಅದಕ್ಕೇ ಹರಿವು ನಿಧಾನವಾದಾಗ ಚಿನ್ನ ಬೇಗ ತಳ ಸೇರುತ್ತದೆ, ಹಗುರ ಮರಳು ಮುಂದಕ್ಕೆ ಹೋಗುತ್ತದೆ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರ ಬದುಕು ನಡೆದದ್ದು ಇದೇ ಗುಣದ ಮೇಲೆ. ಉಂಗುರ ಹಗುರ ಮಣ್ಣಿನ ಜೊತೆ ಕಡಲಿಗೆ ಹೊರಟಿತು ಅಂದರೆ ಅವರು ಖಂಡಿತ ಒಪ್ಪುತ್ತಿರಲಿಲ್ಲ. ಹೊರಟರೂ ದಾರಿಯಲ್ಲಿ ಸಾರ್ನ್ ಗೆಬಿರ್‌ನ ಬಂಡೆಗಳಿವೆ, ಆಮೇಲೆ ನೆನ್ ಹಿಥೊಯೆಲ್ ಸರೋವರ ಇದೆ, ಅದನ್ನು ದಾಟಿ ರೌರೋಸ್ ಜಲಪಾತ ಇಳಿದರೆ ಮತ್ತೊಂದು ಜೌಗು.

ಒಂದು ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತ್ತು. ಸಾವಿರಾರು ವರ್ಷ ಹೂಳು ತುಂಬುವ ಜಾಗದಲ್ಲಿ ಉಂಗುರ ಆಳದಲ್ಲಿ ಹೂತುಹೋಗಬೇಕಿತ್ತಲ್ಲ? ನನಗೆ ತೋಚುವ ಉತ್ತರ ಇದು. ಸಮತಟ್ಟಾದ ಜೌಗಿನಲ್ಲಿ ನದಿ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಪ್ರವಾಹ ಬಂದಾಗ ದಿಕ್ಕು ಬದಲಿಸುತ್ತದೆ, ತಾನೇ ಹಾಕಿದ ಹೂಳನ್ನು ತಾನೇ ಕೊರೆಯುತ್ತದೆ. ಹಗುರವಾದದ್ದು ಕೊಚ್ಚಿಹೋಗಿ ಭಾರದ್ದು ತಳದಲ್ಲಿ ಉಳಿಯುತ್ತದೆ.

ಅದೇ ಯುಗದ 2463ರಲ್ಲಿ ಡಿಯಾಗೋಲ್ ಎಂಬವನು ಇಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕಿದ್ದ. ದೊಡ್ಡ ಮೀನೊಂದು ಅವನನ್ನು ನೀರೊಳಕ್ಕೆ ಎಳೆಯಿತು. ತಳದಲ್ಲಿ ಏನೋ ಹೊಳೆಯಿತು. ಉಸಿರು ಬಿಗಿಹಿಡಿದು ಬಾಚಿಕೊಂಡ. ಮೇಲೆ ಬಂದಾಗ ತಲೆತುಂಬ ಜಲಸಸ್ಯ, ಕೈಯಲ್ಲಿ ಒಂದು ಹಿಡಿ ಕೆಸರು. ದಡಕ್ಕೆ ಈಜಿ ಕೆಸರು ತೊಳೆದ. ಮಣ್ಣು ಹೋಯಿತು, ಚಿನ್ನ ಅಂಗೈಯಲ್ಲೇ ಉಳಿಯಿತು.

ಉಂಗುರ ಸಮುದ್ರ ಸೇರಿದೆ ಅಂತ ಸರುಮಾನ್ ಜ್ಞಾನಿಗಳ ಸಭೆಯಲ್ಲಿ ಹೇಳಿದ್ದು 2953ರಲ್ಲಿ. ಆದರೆ ಅದಕ್ಕೂ 102 ವರ್ಷ ಮೊದಲೇ, 2851ರಲ್ಲಿ, ಅವನು ಯಾರಿಗೂ ಹೇಳದೆ ಹುಡುಕಲು ಶುರುಮಾಡಿದ್ದ. ಕಡಲ ತೀರದಲ್ಲಲ್ಲ, ಇದೇ ಗ್ಲ್ಯಾಡನ್ ಜೌಗಿನ ಸುತ್ತಮುತ್ತ. ಜಾಗ ಸರಿಯಾಗಿಯೇ ಇತ್ತು, ಡಿಯಾಗೋಲ್‌ಗಿಂತ 388 ವರ್ಷ ತಡವಾಗಿತ್ತು ಅಷ್ಟೇ.